ಇಪ್ಪತ್ತೊಂಬತ್ತನೆಯ ಹೆಜ್ಜೆ

ಲಿಫ್ಟುಗಳ ಬಗ್ಗೆ ಹನ್ನೊಂದು ಪುಸ್ತಕ ಬರೆದ ಮನುಷ್ಯ ಲಿಫ್ಟು ಹತ್ತುತ್ತಿರಲಿಲ್ಲ. ಕಾರ್ಖಾನೆಯ ಕಚೇರಿ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಅವರ ಮೇಜು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷ ಇರುವಾಗ ಎಂಬತ್ತೆಂಟು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಬಂದು ಕೂರುತ್ತಿದ್ದರು. ಯಾರಾದರೂ ಕೇಳಿದರೆ "ಭಯ ಏನಿಲ್ಲ, ವ್ಯಾಯಾಮ" ಎನ್ನುತ್ತಿದ್ದರು. ವ್ಯಾಯಾಮ ಮಾಡುವವರ ಮೈಕಟ್ಟು ಅವರದಲ್ಲ. ಲಿಫ್ಟಿನಲ್ಲಿ ಏನೇನು ಕೆಡಬಹುದು ಎಂಬ ಪಟ್ಟಿಯನ್ನು ತಯಾರಿಸಿದವರು ಅವರೇ, ಅದೇ ನಿಜವಾದ ಕಾರಣ. ಪಟ್ಟಿ ಹದಿನಾಲ್ಕು ಪುಟ ಇತ್ತು.

ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ಕೈಪಿಡಿ ಸಾರ್ ಎಂದು ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದ್ದು ಉಗ್ರಾಣದ ಗುಮಾಸ್ತರಾಗಿ. ಅಲ್ಲಿ ಕೈತೊಳೆಯುವ ಕೋಣೆಯಲ್ಲಿ ಒಂದು ನಲ್ಲಿ ಇತ್ತು. ತಿರುಗಿಸಿದರೆ ಮೊದಲು ತಣ್ಣೀರು, ಆಮೇಲೆ ಹೇಳದೆ ಕೇಳದೆ ಕುದಿನೀರು. ವಾರಕ್ಕೊಬ್ಬರು ಕೈ ಸುಟ್ಟುಕೊಂಡು ಬೊಬ್ಬೆ ಹಾಕುತ್ತಿದ್ದರು. ಒಂದು ದಿನ ಗುಮಾಸ್ತರು ರಟ್ಟಿನ ಮೇಲೆ ಮೂರು ಸಾಲು ಬರೆದು ನಲ್ಲಿಗೆ ತೂಗುಹಾಕಿದರು. ಒಂದು: ಎಡಕ್ಕೆ ಅರ್ಧ ಸುತ್ತು ತಿರುಗಿಸಿ. ಎರಡು: ಕೈ ಹಿಂದಕ್ಕೆ ತೆಗೆಯಿರಿ. ಮೂರು: ಹತ್ತು ಎಣಿಸಿ. ಆಮೇಲೆ ಯಾರ ಕೈಯೂ ಸುಡಲಿಲ್ಲ. ನಲ್ಲಿ ರಿಪೇರಿ ಮಾಡಿಸುವುದಕ್ಕಿಂತ ಇದು ಸುಲಭ ಎಂದು ಆಗಿನ ಸಾಹೇಬರಿಗೆ ಹೊಳೆಯಿತು. ಮರುವಾರವೇ ಅವರನ್ನು ನಾಲ್ಕನೆಯ ಮಹಡಿಗೆ ಕಳಿಸಿ, ಲಿಫ್ಟು ರಿಪೇರಿ ಮಾಡುವ ಮೆಕ್ಯಾನಿಕ್ಕುಗಳಿಗೆ ಕೈಪಿಡಿ ಬರೆಯಲು ಕೂರಿಸಿದರು. ಅದಾಗಿ ಇಪ್ಪತ್ತೆರಡು ವರ್ಷ. ನಲ್ಲಿ ಇನ್ನೂ ಹಾಗೇ ಇದೆ.

ಬರವಣಿಗೆಯಲ್ಲಿ ಎಷ್ಟು ಖಡಕ್ಕೋ ಮಾತಿನಲ್ಲಿ ಅಷ್ಟೇ ಹಿಂಜರಿಕೆಯ ಮನುಷ್ಯ. ನಾಲ್ಕು ಜನ ಕೂತ ಕಡೆ ಅವರ ಬಾಯಿಂದ ಒಂದು ಮಾತು ಹೊರಡಬೇಕಾದರೆ ಗಂಟಲು ಮೂರು ಸಲ ಸರಿಮಾಡಿಕೊಳ್ಳಬೇಕು. ಅಷ್ಟರಲ್ಲಿ ವಿಷಯವೇ ಬೇರೆ ಆಗಿರುತ್ತಿತ್ತು. ಮನೆಯಲ್ಲೂ ಅದೇ ಕಥೆ. ಬಟ್ಟೆ ಒಗೆಯುವ ಯಂತ್ರದ ಮೇಲೆ ಏಳು ಹೆಜ್ಜೆ, ಹಿಂಬಾಗಿಲ ಚಿಲಕದ ಮೇಲೆ ಎರಡು. ಮದುವೆಯಾದ ಹೊಸತರಲ್ಲಿ ಹೆಂಡತಿಯ ಮೇಲೆ ಪ್ರೀತಿ ಉಕ್ಕಿದಾಗಲೂ ಒಂದು ಚೀಟಿ ಬರೆದು ಟೀಪುಡಿ ಡಬ್ಬಿಯೊಳಗೆ ಇಟ್ಟಿದ್ದರು. ಆಕೆ ಅದನ್ನು ಅಂಗಡಿಯವರ ಚೀಟಿ ಎಂದುಕೊಂಡು ಕಸದ ಬುಟ್ಟಿಗೆ ಹಾಕಿದಳು. "ರೀ, ಏನಿದ್ರೂ ಬಾಯಿಬಿಟ್ಟು ಹೇಳಿ" ಎಂದು ಆಕೆ ಅಂದಿನಿಂದಲೂ ಹೇಳುತ್ತಲೇ ಇದ್ದಳು.

ಅವರ ಕೆಲಸದ ರೀತಿ ಹೀಗೆ. ಅವರು ಬರೆಯುವ ಕಡತದಲ್ಲಿ ಪ್ರತಿ ಮಾತಿನ ಹಿಂದೆ ಮುಂದೆ, ಅದು ಏನು ಎಂದು ಹೇಳುವ ಒಂದು ಟ್ಯಾಗ್ ಇರುತ್ತದೆ. ಇದು ತಲೆಬರಹ, ಇದು ಹೆಜ್ಜೆ, ಇದು ಎಚ್ಚರಿಕೆ, ಇದು ಚಿತ್ರದ ಕೆಳಗಿನ ಸಾಲು. ಅಡುಗೆಮನೆಯ ಡಬ್ಬಿಗಳಿಗೆ ಉಪ್ಪು, ಸಕ್ಕರೆ ಎಂದು ಚೀಟಿ ಅಂಟಿಸಿದ ಹಾಗೆ. ಅಕ್ಷರ ದಪ್ಪಗಿರಬೇಕೋ ಕೆಂಪಗಿರಬೇಕೋ, ಯಾವ ಸಾಲು ಯಾವ ಪುಟಕ್ಕೆ ಹೋಗಬೇಕೋ ಎಂಬ ಉಸಾಬರಿ ಬರೆಯುವವರಿಗಿಲ್ಲ. ಅದು ಪುಟ ಕಟ್ಟುವವರ ತಲೆನೋವು.

ಆ ಟ್ಯಾಗುಗಳಲ್ಲಿ ಒಂದರ ಹೆಸರು 'ಒಳಮಾತು'. ಬರೆಯುವವರೂ ತಪ್ಪು ನೋಡುವವರೂ ತಮ್ಮತಮ್ಮಲ್ಲೇ ಆಡಿಕೊಳ್ಳುವ ಮಾತು ಅದರೊಳಗೆ. ಕಡತದಲ್ಲಿ ಇರುತ್ತದೆ, ಪುಸ್ತಕದಲ್ಲಿ ಅಚ್ಚಾಗುವುದಿಲ್ಲ. ತಪ್ಪು ನೋಡುವ ಕೆಲಸ ಎದುರು ಮೇಜಿನ ಎಂಜಿನಿಯರ್ ಮೇಡಂ ಅವರದು. ಇಬ್ಬರ ನಡುವೆ ಇದ್ದದ್ದು ಎರಡು ಮಾರು ದೂರ. ಆದರೂ ಇಬ್ಬರೂ ಹನ್ನೊಂದು ವರ್ಷದಿಂದ ಮಾತಾಡುತ್ತಿದ್ದುದು ಹೆಚ್ಚುಕಡಿಮೆ ಒಳಮಾತಿನಲ್ಲೇ. ಕೈಪಿಡಿ ಸಾರ್ ಅವರಂಥ ಮಾತಿಲ್ಲದ ಮನುಷ್ಯನಿಗೆ ಆ ಟ್ಯಾಗಿನೊಳಗೆ ನಾಲಿಗೆ ಬಂದುಬಿಡುತ್ತಿತ್ತು. ವಿನ್ಯಾಸ ವಿಭಾಗದವರನ್ನು ಬೈದದ್ದು ಅಲ್ಲಿ, ಸಾಹೇಬರ ಮೇಲಿನ ಸಿಟ್ಟು ಕಾರಿಕೊಂಡದ್ದು ಅಲ್ಲಿ.

ಪುಟ ಕಟ್ಟುತ್ತಿದ್ದವರು ಹೊರಗಿನ ಒಬ್ಬ ಮುದುಕರು, ಪುಟದಜ್ಜ. ಕಡತ ಅವರ ಕೈಗೆ ಹೋದರೆ ಒಳಮಾತನ್ನು ಒಂದೊಂದಾಗಿ ಆರಿಸಿ ತೆಗೆದು, ಉಳಿದದ್ದನ್ನು ಪುಟಕ್ಕೆ ಕೂರಿಸಿ ಕೊಡುತ್ತಿದ್ದರು. ತೆಗೆಯುವ ಮುಂಚೆ ಎಲ್ಲವನ್ನೂ ಓದುತ್ತಿದ್ದರು ಎಂಬುದು ಅವರ ನಗುವಿನಿಂದಲೇ ತಿಳಿಯುತ್ತಿತ್ತು. ಆದರೆ ಒಂದು ಸಲವೂ ಯಾರ ಎದುರೂ ಬಾಯಿ ಬಿಟ್ಟವರಲ್ಲ.

ಕೈಪಿಡಿ ಸಾರ್ ಅವರ ಪುಸ್ತಕಗಳನ್ನು ಬೇರೆ ಯಾರೂ ಓದುತ್ತಿರಲಿಲ್ಲ. ಇದು ಊಹೆಯಲ್ಲ. ಅವರ ಹೆಂಡತಿಯ ತಮ್ಮ ಅದೇ ಕಂಪನಿಯ ಲಿಫ್ಟು ಮೆಕ್ಯಾನಿಕ್. ಭಾನುವಾರ ಊಟಕ್ಕೆ ಬಂದಾಗಲೆಲ್ಲ ವರದಿ ಒಪ್ಪಿಸುತ್ತಿದ್ದ. ಮೆಕ್ಯಾನಿಕ್ಕುಗಳ ಡಿಪೋದಲ್ಲಿ ಕೈಪಿಡಿಗಳು ಕುಂಟುವ ಮೇಜಿನ ಕಾಲ ಕೆಳಗಿವೆ, ಒಂದು ಪ್ರತಿಯ ಮೇಲೆ ಟೀ ಕೆಟಲ್ ಕೂತಿದೆ, ಅದರ ರಟ್ಟು ಗಟ್ಟಿಯಾಗಿದೆ ಎಂದು ಎಲ್ಲರೂ ಹೊಗಳುತ್ತಾರೆ.

"ಯಾರು ಓದ್ತಾರೆ ಭಾವ ಅದನ್ನೆಲ್ಲ? ಕೈಗೆ ಅಭ್ಯಾಸ ಆಗಿರತ್ತೆ. ಎರಡು ನಿಮಿಷದ ಕೆಲಸಕ್ಕೆ ಒಂಬತ್ತು ಹೆಜ್ಜೆ ಬರೆದಿರ್ತೀರ."

ಎಲ್ಲ ಕೆಲಸಕ್ಕೂ 'ಎರಡು ನಿಮಿಷ' ಎನ್ನುವ ಚಾಳಿಯಿಂದ ಡಿಪೋದವರು ಅವನಿಗೆ ಎರಡ್ನಿಮಿಷ ಎಂದೇ ಹೆಸರಿಟ್ಟಿದ್ದರು. ಕೆಲಸದಲ್ಲಿ ಜಾಣ, ಕೈ ಚುರುಕು, ಎಲ್ಲರಿಗಿಂತ ಮೊದಲು ಮುಗಿಸಿ ಮನೆಗೆ ಹೊರಡುವವನು. ಬೇಗ ಮುಗಿಯುತ್ತಿದ್ದುದು ಹೇಗೆ ಎಂದರೆ, ಅವನು ಹೆಜ್ಜೆ ಹಾರಿಸುತ್ತಿದ್ದ.

ಹಾರಿಸುತ್ತಿದ್ದ ಹೆಜ್ಜೆ ಯಾವುದು ಎಂದು ಕೈಪಿಡಿ ಸಾರ್‌ಗೆ ಗೊತ್ತಿತ್ತು. ಲಿಫ್ಟಿನ ಹಾದಿಯ ತಳದಲ್ಲಿ ಒಂದು ಗುಂಡಿ ಇರುತ್ತದೆ. ಅದರೊಳಗೆ ಇಳಿಯುವ ಮುಂಚೆ, ಬಾಗಿಲ ಬಳಿ ನಿಂತೇ ಒಳಗೆ ಕೈಚಾಚಿ ಕೆಂಪು ಸ್ವಿಚ್ ಒತ್ತಬೇಕು. ಒತ್ತಿದರೆ ಲಿಫ್ಟು ಅಲ್ಲಾಡಬಾರದು. ಆಮೇಲೆ ಬಾಗಿಲು ಮುಚ್ಚಿ, ಹೊರಗಿನಿಂದ ಲಿಫ್ಟನ್ನು ಕರೆದು ನೋಡಬೇಕು. ಬರಲಿಲ್ಲ ಎಂದರೆ ಇಳಿಯಬಹುದು. ಈ ಕರೆದು ನೋಡುವುದು ನಾಲ್ಕನೆಯ ಹೆಜ್ಜೆ. ಸ್ವಿಚ್ ಒತ್ತಿದ ಮೇಲೆ ಮತ್ತೆ ಕರೆದು ನೋಡುವುದೇನು ಎಂದು ಎರಡ್ನಿಮಿಷ ಅದನ್ನು ಯಾವತ್ತೂ ಮಾಡಿದವನಲ್ಲ. ಕೆಲವು ಸಲ ಸ್ವಿಚ್ಚನ್ನೂ ಮರೆಯುತ್ತಿದ್ದ.

ಒಂದು ಭಾನುವಾರ ಅವನು ಎಡಗಾಲಿನ ಬೂಟನ್ನು ಕೈಯಲ್ಲಿ ಹಿಡಿದುಕೊಂಡು ಬಂದ. ಹಿಮ್ಮಡಿ ಇರಬೇಕಾದ ಕಡೆ ಚಾಕುವಿನಿಂದ ಕೊಯ್ದಂತೆ ಸಾಫಾಗಿತ್ತು. "ಗುಂಡಿಯಿಂದ ಹತ್ತಿ ಬರ್ತಿದ್ದೆ ಭಾವ, ಮೇಲಿಂದ ಲಿಫ್ಟು ಬಂತು. ಒಂದು ಬೆರಳಷ್ಟು ಅಂತರ ನೋಡಿ!" ಎಂದು ನಕ್ಕ. ಬಹುಮಾನ ಗೆದ್ದು ತಂದವನ ಹಾಗೆ ಬೂಟನ್ನು ಅತ್ತಿತ್ತ ತಿರುಗಿಸಿ ತೋರಿಸಿದ.

ಅಕ್ಕ ನಗಲಿಲ್ಲ. ಅವರ ತಾಯಿ ಹೋದಾಗ ಅವನಿಗೆ ಒಂಬತ್ತು ವರ್ಷ, ಆಕೆಗೆ ಇಪ್ಪತ್ತು. ಸ್ನಾನ ಮಾಡಿಸಿದ್ದು, ಶಾಲೆಗೆ ಕಳಿಸಿದ್ದು, ಜ್ವರ ಬಂದಾಗ ಎದೆಗವಚಿಕೊಂಡು ಕೂತಿದ್ದು ಎಲ್ಲ ಆಕೆಯೇ. ಬೂಟನ್ನು ಇಸಿದುಕೊಂಡು ಒಂದು ಕ್ಷಣ ನೋಡಿ, ಹಿತ್ತಲ ಕಡೆ ಇಟ್ಟು ಬಂದಳು. ಅವನು ಹೋದ ಮೇಲೆ ಗಂಡನ ಎದುರು ಬಂದು ನಿಂತಳು.

"ನೀವು ಅವನಿಗೆ ಹೇಳಿ. ನಾನು ಹೇಳಿದ್ರೆ ಹೆಂಗಸರ ಹೆದರಿಕೆ ಅಂತಾನೆ. ಅದರ ಬಗ್ಗೆ ಬರೆಯೋರೇ ನೀವು. ನೀವು ಹೇಳಿದ್ರೆ ಕೇಳ್ತಾನೆ."

"ಹೇಳ್ತೀನಿ" ಎಂದರು ಕೈಪಿಡಿ ಸಾರ್.

ಮುಂದಿನ ಭಾನುವಾರ ಗಂಟಲು ಸರಿಮಾಡಿಕೊಂಡರು. ಎರಡ್ನಿಮಿಷ "ಏನ್ ಭಾವ?" ಎಂದ. "ನೀರು ಕೊಡ್ಲಾ?" ಎಂದರು. ಅದರ ಮುಂದಿನ ಭಾನುವಾರವೂ ನೀರೇ ಕೊಟ್ಟರು. ಅದರ ಮಾರನೆಯ ಬೆಳಿಗ್ಗೆ ಕಚೇರಿಗೆ ಹೋಗಿ, ಹೊಸ ಮಾದರಿಯ ಕೈಪಿಡಿಯಲ್ಲಿ ಗುಂಡಿಗೆ ಇಳಿಯುವ ಅಧ್ಯಾಯ ತೆರೆದು, ನಾಲ್ಕನೆಯ ಹೆಜ್ಜೆಯ ಕೆಳಗೆ ಒಂದು ಒಳಮಾತಿನ ಟ್ಯಾಗ್ ಹಾಕಿ, ಭಾಮೈದನಿಗೆ ಹೇಳಬೇಕಾಗಿದ್ದನ್ನೆಲ್ಲ ಅದರೊಳಗೆ ಬರೆದರು. ಮನಸ್ಸು ಹಗುರಾಯಿತು. ಭಾಮೈದನಿಗೆ ಮಾತ್ರ ಏನೂ ತಿಳಿಯಲಿಲ್ಲ.

ಇಷ್ಟರಲ್ಲಿ ಪುಟದಜ್ಜ ಕೆಲಸ ಬಿಟ್ಟರು. ಕಣ್ಣು ಮಂಜಾಗಿತ್ತು. ಹೊಸ ಮಾದರಿಯ ಲಿಫ್ಟು ಮಾರುಕಟ್ಟೆಗೆ ಬರಲು ಎರಡು ತಿಂಗಳು ಮಾತ್ರ ಇದೆ ಎನ್ನುವಾಗ ಸಾಹೇಬರು ಕೈಪಿಡಿ ಸಾರ್ ಅವರನ್ನು ಒಳಗೆ ಕರೆದು, ಈಗೆಲ್ಲ ಪುಟ ಕಟ್ಟಲು ಮನುಷ್ಯರು ಬೇಕಿಲ್ಲವಂತೆ ಎಂದರು. ಟ್ಯಾಗ್ ಹಾಕಿದ ಕಡತ ಒಂದು ಕಡೆಯಿಂದ ಹಾಕಿದರೆ ಇನ್ನೊಂದು ಕಡೆಯಿಂದ ಅಚ್ಚಿನ ಪುಸ್ತಕ, ಕಂಪ್ಯೂಟರಿನ ಪುಟ, ಫೋನಿನ ಪುಟ ಮೂರೂ ಬರುವ ಸಲಕರಣೆಗಳಿವೆ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ.

"ಯಾರು ಜೋಡಿಸ್ತಾರೆ ಸಾರ್?"

"ನೀವೇ. ಅದರ ಜೊತೆ ಕೈಪಿಡಿ ಇರತ್ತಲ್ಲ."

ಕೈಪಿಡಿ ಇತ್ತು. ಇಪ್ಪತ್ತೆರಡು ವರ್ಷ ಬೇರೆಯವರ ಕೈಗೆ ಕೈಪಿಡಿ ಕೊಟ್ಟ ಮನುಷ್ಯ ಮೊದಲ ಸಲ ಇನ್ನೊಬ್ಬರು ಬರೆದದ್ದನ್ನು ನಂಬಿ ಕೂತರು. ಮೊದಲ ಮೂರು ಹೆಜ್ಜೆ ಚೆನ್ನಾಗಿದ್ದವು. ನಾಲ್ಕನೆಯದು 'ಉಳಿದದ್ದನ್ನು ಎಂದಿನಂತೆ ಮಾಡಿ' ಎಂದಿತ್ತು. ಕೈಪಿಡಿ ಸಾರ್ ಆ ಸಾಲನ್ನು ಎಷ್ಟೋ ಹೊತ್ತು ನೋಡಿದರು. ಇಂಥ ಸಾಲು ಬರೆದವನನ್ನು ಅವರು ತಮ್ಮ ಕೈಕೆಳಗೆ ಒಂದು ದಿನವೂ ಇಟ್ಟುಕೊಳ್ಳುತ್ತಿರಲಿಲ್ಲ.

ಸಲಕರಣೆ ನಾಲ್ಕು. ಒಂದು, ತೆರೆದ ಟ್ಯಾಗುಗಳೆಲ್ಲ ಮುಚ್ಚಿವೆಯೇ ಎಂದು ನೋಡುವುದು. ಎರಡನೆಯದು, ಯಾವ ಟ್ಯಾಗಿಗೆ ಯಾವ ವೇಷ ಎಂದು ಹೇಳುವುದು. ಮೂರನೆಯದು ಅಚ್ಚಿನ ಪುಟ ಕಟ್ಟುವುದು, ನಾಲ್ಕನೆಯದು ಕಂಪ್ಯೂಟರಿನ, ಫೋನಿನ ಪುಟ. ಮೊದಲನೆಯದು, 4,112ನೆಯ ಸಾಲಿನಲ್ಲಿ ಟ್ಯಾಗ್ ಮುಚ್ಚಿಲ್ಲ ಎಂದು ಗೋಳಾಡಿತು. ಆ ಸಾಲನ್ನು ಎರಡು ದಿನ ಜಾಲಾಡಿದರು. ಮುಚ್ಚದೆ ಬಿಟ್ಟ ಟ್ಯಾಗ್ ಇದ್ದದ್ದು ಹತ್ತೊಂಬತ್ತನೆಯ ಸಾಲಿನಲ್ಲಿ. ಅದು ಸರಿಯಾದ ಮೇಲೆ ಪುಸ್ತಕ ಬಂತು: ಇನ್ನೂರ ಹನ್ನೆರಡು ಪುಟ, ಅಕ್ಷರದ ಜಾಗದಲ್ಲೆಲ್ಲ ಖಾಲಿ ಚೌಕ. ಮೇಡಂ ಬಂದು ನೋಡಿ, "ತಪ್ಪೇನೂ ಕಾಣಿಸ್ತಿಲ್ಲ" ಎಂದು ಹೋದರು. ಅಕ್ಷರಗಳನ್ನು ಹುಡುಕಿ ತಂದು ಕೂರಿಸಿದರೆ ಒತ್ತಕ್ಷರಗಳೆಲ್ಲ ಪಕ್ಕದ ಅಕ್ಷರಕ್ಕೆ ಹೋಗಿ ಅಂಟಿಕೊಂಡವು. ಅದೂ ಸರಿಯಾಯಿತು ಎನ್ನುವಾಗ ಮೂರನೆಯ ಸಲಕರಣೆಗೆ ಎರಡನೆಯದರ ಹಳೆಯ ಆವೃತ್ತಿಯೇ ಬೇಕು, ನಾಲ್ಕನೆಯದಕ್ಕೆ ಹೊಸದೇ ಬೇಕು ಎಂದು ತಕರಾರು ಶುರುವಾಯಿತು. ಕೈಪಿಡಿ ಸಾರ್ ಎರಡು ಆವೃತ್ತಿಗಳನ್ನೂ ಬೇರೆ ಬೇರೆ ಫೋಲ್ಡರಿನಲ್ಲಿ, ಜಗಳವಾಡುವ ಓರಗಿತ್ತಿಯರಿಗೆ ಎರಡು ಒಲೆ ಹೂಡಿಕೊಟ್ಟ ಹಾಗೆ, ಇಟ್ಟರು. ಎರಡಕ್ಕೂ ತಮ್ಮ ತಮ್ಮ ಸೆಟ್ಟಿಂಗ್ ಕಡತ. ಒಂದು ವಾರದ ಮೇಲೆ, ಹೊಸ ಆವೃತ್ತಿಯನ್ನು ಪುಸಲಾಯಿಸಿ ಮೂರನೆಯದರ ಜೊತೆಗೂ ಒಗ್ಗಿಸಿದರು. ಹಳೆಯ ಫೋಲ್ಡರಿಗೆ ಕೆಲಸವಿಲ್ಲದಾಯಿತು. ಅಳಿಸಲಿಲ್ಲ. ಇರಲಿ, ಯಾವುದಕ್ಕಾದರೂ ಬೇಕಾಗಬಹುದು ಎಂದುಕೊಂಡರು.

ಎಲ್ಲ ಮುಗಿದ ಮೇಲೆ ಆ ಸಲಕರಣೆಯ ಕೈಪಿಡಿ ಬರೆದವನಿಗೆ ಇಪ್ಪತ್ತಮೂರು ತಿದ್ದುಪಡಿಗಳ ಪತ್ರ ಕಳಿಸಿದರು. ಮೂರು ದಿನದಲ್ಲಿ ಉತ್ತರ ಬಂತು. 'ವಂದನೆಗಳು. ಒಂಬತ್ತು ವರ್ಷದಲ್ಲಿ ಇದನ್ನು ಓದಿದವರು ನೀವೊಬ್ಬರೇ.' ಕೈಪಿಡಿ ಸಾರ್‌ಗೆ ಅವನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ಆಮೇಲೆ ತಮ್ಮ ಚಟಕ್ಕೆ ತಕ್ಕಂತೆ, ಈ ಸಲಕರಣೆಗಳನ್ನು ಓಡಿಸುವ ಕ್ರಮವನ್ನು ಮೂವತ್ತೊಂದು ಹೆಜ್ಜೆಯಲ್ಲಿ ಬರೆದು ಗೋಡೆಗೆ ಅಂಟಿಸಿದರು. ಮೇಡಂ ತಪ್ಪು ನೋಡುವಾಗ ಒಳಮಾತು ಕಾಣಬೇಕು. ಆದ್ದರಿಂದ ಸೆಟ್ಟಿಂಗ್ ಕಡತದಲ್ಲಿ ಒಳಮಾತಿನ ಎದುರು 'ಒಂದು' ಎಂದು ಹಾಕಬೇಕು. ಅಚ್ಚಿಗೆ ಹೋಗುವಾಗ ಕಾಣಬಾರದು. ಇಪ್ಪತ್ತೆಂಟನೆಯ ಹೆಜ್ಜೆ: ಆ ಒಂದನ್ನು ಸೊನ್ನೆ ಮಾಡಿ, ಮತ್ತೆ ಓಡಿಸಿ. ಇಪ್ಪತ್ತೊಂಬತ್ತನೆಯ ಹೆಜ್ಜೆ: ಸಿದ್ಧವಾದ ಪುಸ್ತಕದ ಒಂದು ಪುಟ ತೆರೆದು, ಒಳಮಾತು ಹೋಗಿದೆಯೇ ಎಂದು ಕಣ್ಣಾರೆ ನೋಡಿ. ಮೂವತ್ತು: ಅಚ್ಚಿಗೆ ಕಳಿಸಿ.

ಅಚ್ಚಿಗೆ ಕಳಿಸಬೇಕಾದ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಸಾಹೇಬರು ಬಂದು ಬಾಗಿಲಲ್ಲಿ ನಿಂತರು. ಅಚ್ಚಿನ ಮನೆಯವರು ಫೋನಿನಲ್ಲಿ ಕಾಯುತ್ತಿದ್ದರು. ಕೈಪಿಡಿ ಸಾರ್ ಸೆಟ್ಟಿಂಗ್ ಕಡತ ತೆರೆದು, ಒಂದನ್ನು ಅಳಿಸಿ ಸೊನ್ನೆ ಹಾಕಿ, ಉಳಿಸಿ, ಓಡಿಸಿದರು. ಆ ಕಡತ ಹಳೆಯ ಫೋಲ್ಡರಿನದು. ಸಲಕರಣೆ ಓದುತ್ತಿದ್ದುದು ಹೊಸ ಫೋಲ್ಡರಿನದನ್ನು. ಅಲ್ಲಿ ಒಂದು ಒಂದಾಗಿಯೇ ಇತ್ತು.

"ಆಯ್ತಾ?" ಎಂದರು ಸಾಹೇಬರು.

ಇಪ್ಪತ್ತೊಂಬತ್ತನೆಯ ಹೆಜ್ಜೆಯನ್ನು ಕೈಪಿಡಿ ಸಾರ್ ಪ್ರಯೋಗದ ಸಲುವಾಗಿ ನಲವತ್ತು ಸಲ ಮಾಡಿದ್ದರು. ನಲವತ್ತು ಸಲವೂ ಸರಿಯಾಗಿತ್ತು. ಅಬ್ಬಬ್ಬಾ ಎಂದರೆ ಎರಡು ನಿಮಿಷದ ಕೆಲಸ.

"ಆಯ್ತು ಸಾರ್" ಎಂದು ಕಳಿಸಿಬಿಟ್ಟರು.

ಏಳುನೂರು ಪ್ರತಿ ಅಚ್ಚಾಗಿ, ರಟ್ಟಿನ ಪೆಟ್ಟಿಗೆಗಳಲ್ಲಿ ಊರೂರಿನ ಡಿಪೋಗಳಿಗೆ ಹೋದವು. ಮೊದಲ ಫೋನು ಬಂದದ್ದು ಒಂದು ಬುಧವಾರ. ಪರಿಚಯವಿಲ್ಲದ ದನಿ.

"ಕೈಪಿಡಿ ಸಾರಾ? ಸಾರ್, ಮೂವತ್ತೊಂದನೇ ಪುಟ ಓದಿದೆ. ತುಂಬ ಚೆನ್ನಾಗಿದೆ."

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಹೀಗೆ ಹೇಳಿರಲಿಲ್ಲ. ಕೈಪಿಡಿ ಸಾರ್ ಹಿಗ್ಗಿ ಹೀರೇಕಾಯಿಯಾಗಿ, ಮೂವತ್ತೊಂದನೆಯ ಪುಟದಲ್ಲಿ ತಾವು ಅಂಥದ್ದೇನು ಬರೆದಿದ್ದೇವೆ ಎಂದು ನೋಡಲು ಪುಸ್ತಕ ತೆರೆದರು. ಅಲ್ಲಿ ಹೆಜ್ಜೆಗಳ ನಡುವೆ ಓರೆ ಅಕ್ಷರದಲ್ಲಿ ಹೀಗಿತ್ತು: 'ಇಲ್ಲಿ ಅತ್ಯಾಧುನಿಕ ಎಂಬ ಪದ ಸೇರಿಸಬೇಕೆಂದು ಸಾಹೇಬರ ಅಪ್ಪಣೆ. ಸೇರಿಸಿದ್ದೇನೆ. ಇದು ಒಂದು ಬೋಲ್ಟು.'

ಅದು ಒಳಮಾತು. ಪುಟ ತಿರುವಿದರು. ಹನ್ನೆರಡನೆಯ ಪುಟದಲ್ಲಿ: 'ಈ ಚಿತ್ರ ಹಳೆಯ ಮಾದರಿಯದು. ಹೊಸದನ್ನು ಕೇಳಲು ವಿನ್ಯಾಸ ವಿಭಾಗಕ್ಕೆ ಮೂರು ಸಲ ಹೋದೆ. ಮೂರು ಸಲವೂ ಊಟಕ್ಕೆ ಹೋಗಿದ್ದರು.' ನಲವತ್ತೇಳರಲ್ಲಿ ಮೇಡಂ: 'ಈ ಅಳತೆ ತಪ್ಪು.' ಅದರ ಕೆಳಗೆ ಅವರು: 'ಸರಿ ಮಾಡಿದ್ದೇನೆ.' ಅದರ ಕೆಳಗೆ ಮೇಡಂ: 'ಈಗ ಬೇರೆ ರೀತಿ ತಪ್ಪು.'

ಆಮೇಲೆ ಎಂಬತ್ತನಾಲ್ಕನೆಯ ಪುಟ. ನಾಲ್ಕನೆಯ ಹೆಜ್ಜೆಯ ಕೆಳಗೆ, ಏಳುನೂರು ಪ್ರತಿಗಳಲ್ಲಿ, ಇದು ಅಚ್ಚಾಗಿತ್ತು:

'ಈ ಹೆಜ್ಜೆಯನ್ನು ಯಾರೂ ಮಾಡುವುದಿಲ್ಲ. ಡಿಪೋದವರು ಎರಡ್ನಿಮಿಷ ಎಂದು ಕರೆಯುವ ನನ್ನ ಭಾಮೈದನೂ ಮಾಡುವುದಿಲ್ಲ. ಬೂಟಿನ ಹಿಮ್ಮಡಿ ಹೋಗಿದೆ, ಕಾಲು ಉಳಿದಿದೆ. ಅದನ್ನು ಅವನು ನಗುತ್ತ ತೋರಿಸಿದ. ಒಂಬತ್ತನೆಯ ವಯಸ್ಸಿನಿಂದ ಅವನನ್ನು ಸಾಕಿದವಳು ಅವನ ಅಕ್ಕ. ಅವನಿಗೇನಾದರೂ ಆದರೆ ಅವಳ ಮುಖ ನಾನು ಹೇಗೆ ನೋಡಲಿ? ನನಗೂ ಅವನು ಬೇಕು. ಇದನ್ನು ಅವನೆದುರು ಹೇಳಲು ಬಾಯಿ ಬರುವುದಿಲ್ಲ, ಅದಕ್ಕೆ ಇಲ್ಲಿ ಬರೆದಿದ್ದೇನೆ.'

ಅದರ ಕೆಳಗೆ ಮೇಡಂ ಅವರ ಒಳಮಾತು: 'ಅವನಿಗೇ ಹೇಳಿ.' ಅದರ ಕೆಳಗೆ ಅವರದು: 'ಸರಿ.'

ವಿಚಾರಣೆಯಾಯಿತು. ಸಾಹೇಬರು ಬೋಲ್ಟಿನ ವಿಷಯವನ್ನು ಮನಸ್ಸಿಗೆ ಹಚ್ಚಿಕೊಂಡಿದ್ದರು. ಲಿಖಿತ ವಿವರಣೆ ಕೇಳಿದರು. ಕೈಪಿಡಿ ಸಾರ್ ಒಂಬತ್ತು ಹೆಜ್ಜೆಗಳಲ್ಲಿ ಬರೆದುಕೊಟ್ಟರು. ಏಳನೆಯದು 'ಪರೀಕ್ಷಿಸಲಿಲ್ಲ' ಎಂಬ ಒಂದೇ ಪದ. ಅವರಿಗೆ ಒಂದು ಎಚ್ಚರಿಕೆ ಪತ್ರ ಬಂತು. ಎಲ್ಲ ಪ್ರತಿಗಳನ್ನೂ ತಕ್ಷಣ ಹಿಂದಿರುಗಿಸುವಂತೆ ಡಿಪೋಗಳಿಗೆ ಸುತ್ತೋಲೆ ಹೋಯಿತು. ಹನ್ನೊಂದು ಪ್ರತಿ ವಾಪಸು ಬಂದವು, ಅದೂ ವಿಳಾಸ ತಪ್ಪಿ ಯಾರ ಕೈಗೂ ಸಿಗದೆ ಉಳಿದವು. ಮಿಕ್ಕವರು, ಪುಸ್ತಕ ಇನ್ನೂ ಓದುತ್ತಿದ್ದೇವೆ ಎಂದು ಬರೆದರು. ಎರಡು ಡಿಪೋದವರು ಹಿಂದಿನ ಹತ್ತು ಪುಸ್ತಕಗಳೂ ಹೀಗೇ ಇವೆಯೇ ಎಂದು ವಿಚಾರಿಸಿದರು.

ಇದೆಲ್ಲವನ್ನೂ ಕೈಪಿಡಿ ಸಾರ್ ಸಹಿಸಿಕೊಂಡರು. ಸಹಿಸಲಾಗದ್ದು ಒಂದೇ: ಭಾನುವಾರ ಬಂತು, ಭಾಮೈದ ಬರಲಿಲ್ಲ. ಹೆಂಡತಿ ಫೋನು ಮಾಡಿದರೆ ಕೆಲಸವಿದೆ ಎಂದು ಇಟ್ಟುಬಿಟ್ಟನಂತೆ.

"ನಿಮಗೇನಾದ್ರೂ ಗೊತ್ತಾ? ಏನಾಗಿದೆ ಅವನಿಗೆ?" ಎಂದು ಆಕೆ ಕೇಳಿದಳು. ಅವರು ಚೀಲದಿಂದ ಪುಸ್ತಕ ತೆಗೆದು, ಎಂಬತ್ತನಾಲ್ಕನೆಯ ಪುಟ ತೆರೆದು ಕೈಗೆ ಕೊಟ್ಟರು. ಗಂಡನ ಪುಸ್ತಕವನ್ನು ಆಕೆ ಓದಿದ್ದು ಅದೇ ಮೊದಲು. ಒಲೆಯ ಮುಂದೆ ನಿಂತೇ ಎರಡು ಸಲ ಓದಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ಇಷ್ಟು ಹೇಳೋಕೆ ಪುಸ್ತಕ ಅಚ್ಚು ಹಾಕಿಸ್ಬೇಕಿತ್ತೇನ್ರೀ?"

ಅದರ ಮುಂದಿನ ಭಾನುವಾರ ಎರಡ್ನಿಮಿಷ ಬಂದ. ಕಂಕುಳಲ್ಲಿ ಪುಸ್ತಕ. ಅಕ್ಕನ ಮುಖ ನೋಡದೆ ನೇರ ಹಜಾರಕ್ಕೆ ಹೋಗಿ ಭಾವನ ಎದುರು ಕೂತ. ಆಕೆ ಅಡುಗೆಮನೆಗೆ ಹೋದಳು.

"ಡಿಪೋದಲ್ಲಿ ತಲೆ ಎತ್ತೋ ಹಾಗಿಲ್ಲ ಭಾವ. ಟೀಗೆ ಕೂತ್ರೆ ಒಬ್ಬ ಎದ್ದು ನಿಂತು ಎಂಬತ್ನಾಲ್ಕನೇ ಪುಟ ಓದ್ತಾನೆ. ಎಲ್ಲರಿಗೂ ಬಾಯಿಪಾಠ ಆಗಿದೆ. ಗುಂಡಿಗೆ ಇಳಿಯೋಕೆ ಹೋದ್ರೆ ಜೊತೆಗಿರೋನು, ಅಕ್ಕ ಕಾಯ್ತಿರ್ತಾರೆ, ಕರೆದು ನೋಡಿದ್ಯಾ ಅಂತಾನೆ."

ಕೈಪಿಡಿ ಸಾರ್ ಗಂಟಲು ಸರಿಮಾಡಿಕೊಂಡರು. ಒಂದು ಸಲ, ಎರಡು ಸಲ. ಎರಡ್ನಿಮಿಷ ಈ ಸಲ "ಏನ್ ಭಾವ" ಎನ್ನಲಿಲ್ಲ, ಸುಮ್ಮನೆ ಕಾದ. ಮೂರನೆಯ ಸಲಕ್ಕೆ ಮಾತು ಹೊರಟಿತು.

"ನಾನು ಸೊನ್ನೆ ಹಾಕಿದ್ದೆ ಕಣೋ. ಅದು ಅಚ್ಚಾಗಬಾರದು ಅಂತ ನನ್ನ ಕೈಯಾರೆ ಹಾಕಿದ್ದೆ. ಆದ್ರೆ ಹಾಕಿದ್ದು ಬೇರೆ ಕಡೆ, ಅದು ಕೇಳ್ತಾ ಇದ್ದಿದ್ದು ಬೇರೆ ಕಡೆ. ಒಂದು ಪುಟ ತೆಗೆದು ನೋಡಿದ್ರೆ ಗೊತ್ತಾಗ್ತಿತ್ತು. ನೋಡ್ಲಿಲ್ಲ. ಎರಡು ನಿಮಿಷದ ಕೆಲಸ ಅಂದ್ಕೊಂಡೆ. ನನ್ನ ಮಾನ ಹೋಯ್ತು ಅಷ್ಟೆ. ನಿನ್ನ ಕೆಲಸದಲ್ಲಿ ಹೋಗೋದು ಮಾನ ಅಲ್ಲ."

ಅಷ್ಟುದ್ದ ಅವರು ಒಂದೇ ಉಸಿರಿಗೆ ಮಾತಾಡಿದ್ದನ್ನು ಆ ಮನೆಯ ಗೋಡೆಗಳು ಕೇಳಿರಲಿಲ್ಲ. ಎರಡ್ನಿಮಿಷ ಪುಸ್ತಕದ ರಟ್ಟನ್ನು ಉಗುರಿನಿಂದ ಕೆರೆಯುತ್ತ ಕೂತ.

"ಅವರ ಬಾಯಿ ಮುಚ್ಚಿಸೋಕೆ ಅಂತಾನೇ ಎರಡು ವಾರದಿಂದ ಕರೆದು ನೋಡ್ತಾ ಇದ್ದೀನಿ ಭಾವ. ಪ್ರತಿ ಸಲ. ಕಾಟಾಚಾರಕ್ಕೆ." ಪುಸ್ತಕ ಕೆಳಗಿಟ್ಟ. "ಮಂಗಳವಾರ ಒಂದು ಹಳೇ ಕಟ್ಟಡಕ್ಕೆ ಹೋಗಿದ್ವಿ. ಬಾಗಿಲು ತೆಗೆದೆ. ಕೆಂಪು ಸ್ವಿಚ್ ಒತ್ತಿದೆ. ಟಕ್ ಅಂತ ಸದ್ದೂ ಬಂತು. ಬಾಗಿಲು ಮುಚ್ಚಿ ಕರೆದೆ."

ಕೈಪಿಡಿ ಸಾರ್ ಕಾದರು.

"ಬಂತು ಭಾವ."

"ಏನು ಬಂತು?"

"ಲಿಫ್ಟು. ಐದನೇ ಮಹಡಿಯಿಂದ ನೆಟ್ಟಗೆ ಇಳಿದು ಬಂತು. ಹಿಂದೆ ಯಾರೋ ಸ್ವಿಚ್ಚಿನ ಹಿಂದೆ ಅಡ್ಡ ತಂತಿ ಕಟ್ಟಿ ಬಿಟ್ಟಿದ್ರು, ಸ್ವಿಚ್ ಒತ್ತಿದ್ರೂ ಕರೆಂಟು ನಿಲ್ತಿರ್ಲಿಲ್ಲ. ಮೊದಲಿನ ಹಾಗಿದ್ದಿದ್ರೆ ನಾನು ಅಷ್ಟೊತ್ತಿಗೆ ಗುಂಡಿಯೊಳಗೆ ಇಳಿದು ಬಾಗಿಲು ಎಳ್ಕೊಂಡಿರ್ತಿದ್ದೆ."

ಕೈಪಿಡಿ ಸಾರ್ ಅಳುತ್ತಿದ್ದರು. ಅದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯುವಂತಿರಲಿಲ್ಲ. ಎರಡ್ನಿಮಿಷ ಎದ್ದು ಹೋಗಿ ಒಂದು ಲೋಟ ನೀರು ತಂದು ಅವರ ಕೈಗಿಟ್ಟ.

"ಏನಂತೋ?" ಎಂದು ಒಳಗಿನಿಂದ ಅಕ್ಕನ ದನಿ ಬಂತು.

"ಏನಿಲ್ಲಕ್ಕ. ಭಾವನ ಪುಸ್ತಕ ಚೆನ್ನಾಗಿದೆ ಅಂತಿದ್ದೆ."

"ತಟ್ಟೆ ಹಾಕಿದ್ದೀನಿ, ಇಬ್ಬರೂ ಬನ್ನಿ."

ತಿದ್ದಿದ ಮುದ್ರಣಕ್ಕೆ ಅಪ್ಪಣೆಯಾಗಿತ್ತು. ಮಾರನೆಯ ದಿನ ಕೈಪಿಡಿ ಸಾರ್ ಎಂಬತ್ತೆಂಟು ಮೆಟ್ಟಿಲು ಹತ್ತಿ ಬಂದು, ಮೊದಲು ಹಳೆಯ ಫೋಲ್ಡರನ್ನು ಅಳಿಸಿ ಹಾಕಿದರು. ಆಮೇಲೆ ನಾಲ್ಕನೆಯ ಹೆಜ್ಜೆಯ ಕೆಳಗಿದ್ದ ಒಳಮಾತನ್ನು ತೆಗೆದರು. ಹೇಳಿ ಆಗಿದ್ದರಿಂದ ಇನ್ನು ಅದು ಅಲ್ಲಿರಬೇಕಿರಲಿಲ್ಲ. ಅದರ ಜಾಗದಲ್ಲಿ ಎಚ್ಚರಿಕೆಯ ಟ್ಯಾಗ್ ಹಾಕಿ ಒಂದು ಸಾಲು ಬರೆದರು: 'ಸ್ವಿಚ್ ಒತ್ತಿದ ಮೇಲೂ ಲಿಫ್ಟು ಬಂದದ್ದುಂಟು. ಕರೆದು ನೋಡದೆ ಇಳಿಯಬೇಡಿ.' ಕಡತವನ್ನು ಮೇಡಂ ಅವರಿಗೆ ಕಳಿಸಿದರು.

ಮಧ್ಯಾಹ್ನ ಕಡತ ವಾಪಸು ಬಂತು. ಎಚ್ಚರಿಕೆಯ ಪಕ್ಕದಲ್ಲಿ ಹೊಸದೊಂದು ಒಳಮಾತು ಇತ್ತು. 'ಇದಕ್ಕೆ ಆಧಾರ?'

ಕೈಪಿಡಿ ಸಾರ್ ಅದರ ಕೆಳಗೆ ಬರೆದರು: 'ನಿನ್ನೆ ನಮ್ಮ ಮನೆಯಲ್ಲಿ ಕೂತು ಊಟ ಮಾಡಿತು.'

ಎದುರು ಮೇಜಿನಿಂದ ಉತ್ತರ ಬಂತು. 'ಸರಿ' ಎಂದಿತ್ತು.

ಸಾಹೇಬರು ಬಂದು ಬಾಗಿಲಲ್ಲಿ ನಿಂತು "ಆಯ್ತಾ?" ಎಂದರು. "ಇಲ್ಲ ಸಾರ್, ಎರಡು ನಿಮಿಷ" ಎಂದರು ಕೈಪಿಡಿ ಸಾರ್. ಒಂದನ್ನು ಸೊನ್ನೆ ಮಾಡಿ ಓಡಿಸಿದರು. ಸಿದ್ಧವಾದ ಪುಸ್ತಕ ತೆರೆದು, ಸಾಹೇಬರನ್ನು ಹಾಗೇ ನಿಲ್ಲಿಸಿಕೊಂಡು, ಎಂಬತ್ತನಾಲ್ಕನೆಯ ಪುಟಕ್ಕೆ ಹೋಗಿ ಬೆರಳಿಟ್ಟು ನೋಡಿದರು. ಒಳಮಾತು ಇರಲಿಲ್ಲ. ಎಚ್ಚರಿಕೆ ಇತ್ತು.